ಉಜ್ಜಿನಪ್ಪ ಓದಿ ಬಂದ ಮೇಲೆ

ಕುರುಗೋಡಿನ ಉಜ್ಜಿನಪ್ಪ ಬಳ್ಳಾರಿಯಲ್ಲಿ ಬಿ.ಎ. ಮುಗಿಸಿ, ವರ್ಷಗಟ್ಟಲೆ ಕೆಲಸಕ್ಕೆ ಅಲೆದು, ೧೯೬೬ರಲ್ಲಿ ಬಳ್ಳಾರಿಯಾಚೆಯ ನೂಲಿನ ಗಿರಣಿಯೊಂದರಲ್ಲಿ ಹಾಜರಿ ಗುಮಾಸ್ತನಾಗಿ ಸೇರಿಕೊಂಡ. ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು, ಒಳಗೆ ಹೋಗುವವರ ಹೆಸರಿನ ಮುಂದೆ ಗುರುತು ಹಾಕಬೇಕು. ಹೆಸರು ಹೇಳಲು ಬಂದವರು ಅವನ ಮುಖ ಕಂಡರೆ ಮಾತಿಗೆ ನಿಲ್ಲುತ್ತಿದ್ದರು. ಕೂಸಿಗೆ ಜ್ವರ ಬಂದದ್ದು, ಮೇಸ್ತ್ರಿ ಎರ್ರಣ್ಣ ಬೈದದ್ದು, ಅತ್ತೆ-ಸೊಸೆ ಬೇರೆ ಒಲೆ ಹೂಡಿದ್ದು ಎಲ್ಲವೂ ಆ ಕಿಟಕಿಗೆ ಬರುತ್ತಿತ್ತು. ಉಜ್ಜಿನಪ್ಪ ಕೇಳಿಸಿಕೊಳ್ಳುತ್ತಿದ್ದ, ಸಾಧ್ಯವಾದರೆ ಎರ್ರಣ್ಣನಿಗೆ ಒಂದು ಮಾತು ಹೇಳುತ್ತಿದ್ದ, ಅಷ್ಟೇ. ಅಷ್ಟಕ್ಕೇ ಎಷ್ಟೋ ಜಗಳ ಗೇಟಿನಲ್ಲೇ ಮುಗಿದುಹೋಗುತ್ತಿದ್ದವು.

ಅವರಲ್ಲಿ ಸಿರಿಗೇರಿಯ ಹುಲುಗಪ್ಪ ಅವನಿಗೆ ತೀರ ಹತ್ತಿರದವನು. ಹತ್ತಿಯನ್ನು ಹಿಂಜಿ ಎಳೆ ತೆಗೆಯುವ ಯಂತ್ರದ ಮೇಲೆ ಅವನ ಕೆಲಸ. ಪಾಳಿ ಮುಗಿಸಿ ಹೊರಬಂದರೆ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗೆ. ಹುಲುಗಪ್ಪನ ಮದುವೆಗೆ ಮುಂಚೆ ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದು, ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿಕೊಂಡು ಉಂಡವರು.

ಮುಂದೆ ಗಿರಣಿಯಲ್ಲಿ ಜನ ಹೆಚ್ಚಾಗಿ, ಕಾನೂನಿನ ಪ್ರಕಾರ ಓದಿದ ಕಾರ್ಮಿಕ ಕಲ್ಯಾಣಾಧಿಕಾರಿ ಬೇಕೇ ಬೇಕೆಂದಾಯಿತು. ಹೊರಗಿನವರನ್ನು ತರುವ ಬದಲು ನೀನೇ ಓದಿಕೊಂಡು ಬಾ ಎಂದು ಮ್ಯಾನೇಜರು ಉಜ್ಜಿನಪ್ಪನನ್ನು ಧಾರವಾಡಕ್ಕೆ ಕಳಿಸಿದರು. ಸಿಬ್ಬಂದಿ ನಿರ್ವಹಣೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಓದು. ಹೊರಡುವ ದಿನ ಹುಲುಗಪ್ಪ ಅವನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಸ್ಟೇಷನ್ನಿಗೆ ಬಂದ.

“ಹೋಗಿ ಬಾ, ಉಜ್ಜಣ್ಣ,” ಎಂದ. “ನಮ್ಮವನೊಬ್ಬ ಸಾಹೇಬ ಆದ್ರ ನಮಗೂ ಒಂದು ಬಾಯಿ ಬರ್ತೈತಿ.”

ಧಾರವಾಡದ ಓದು ಉಜ್ಜಿನಪ್ಪನಿಗೆ ಬಹಳ ಹಿಡಿಸಿತು. ಕಿಟಕಿಯಲ್ಲಿ ಕೂತು ತನಗೆ ತೋಚಿದಂತೆ ಮಾಡುತ್ತಿದ್ದುದಕ್ಕೆಲ್ಲ ಪುಸ್ತಕದಲ್ಲಿ ಹೆಸರುಗಳಿದ್ದವು. ಕೆಲಸಗಾರನೊಡನೆ ಮಾತು ಹೇಗೆ ತೆಗೆಯಬೇಕು, ಯಾವಾಗ ಸುಮ್ಮನಿರಬೇಕು, ಹುರುಪು ಹೇಗೆ ತುಂಬಬೇಕು ಎಂಬುದಕ್ಕೆಲ್ಲ ಕ್ರಮಗಳಿದ್ದವು. ಕಾರ್ಖಾನೆಗಳಲ್ಲಿನ ಗೈರುಹಾಜರಿಯ ಮೇಲೆ ಪ್ರಬಂಧ ಬರೆದು ಮೊದಲ ದರ್ಜೆಯಲ್ಲಿ ಪಾಸಾದ.

೧೯೭೪ರಲ್ಲಿ ಮರಳಿದಾಗ ಅವನಿಗೆ ಮೇಲಂತಸ್ತಿನಲ್ಲಿ ಕೋಣೆ, ಬಾಗಿಲಿಗೆ ಹೆಸರಿನ ಹಲಗೆ. ಸಿರುಗುಪ್ಪದ ಸುವರ್ಣಮ್ಮನನ್ನು ಮದುವೆಯಾಗಿ ಪಾರ್ವತಿನಗರದಲ್ಲಿ ಮನೆ ಮಾಡಿದ. ಹೊಸ ಕೋಣೆಯಲ್ಲಿ ಕೂತ ಮೊದಲ ದಿನ ಹುಲುಗಪ್ಪ ಮಲ್ಲಿಗೆ ಹಾರ ತಂದ. ಕೂಡಲು ಹೇಳಿದರೆ, ಪಕ್ಕದಲ್ಲಿದ್ದ ಎರ್ರಣ್ಣನ ಕಡೆ ನೋಡಿ, ನಿಂತೇ ಇದ್ದ. ಮರುದಿನದಿಂದ ಅವನ ಬಾಯಲ್ಲೂ ‘ಸಾಹೇಬ್ರ’ ಬಂತು. ಹಾಗೆ ಕರೀಬೇಡ ಅನ್ನಬೇಕೆಂದು ಉಜ್ಜಿನಪ್ಪನಿಗೆ ಅನಿಸಿತು, ಅನ್ನಲಿಲ್ಲ. ನಾಲ್ಕು ಜನರೆದುರು ಇದೇ ಸರಿ ಎಂದುಕೊಂಡ. ನಿಜ ಹೇಳಬೇಕೆಂದರೆ, ಕಿವಿಗೆ ಅದು ಹಿತವಾಗಿಯೂ ಇತ್ತು.

ಗಿರಣಿಗೆ ಸೋಮವಾರದ ಗೈರುಹಾಜರಿ ದೊಡ್ಡ ತಲೆನೋವಾಗಿತ್ತು. ಹತ್ತಿ ಹಿಂಜುವ ವಿಭಾಗದಲ್ಲಂತೂ ಕಾಲುಭಾಗ ಜನ ಬರುತ್ತಿರಲಿಲ್ಲ. ಭಾನುವಾರದ ಕುಡಿತ, ಊರಿನ ಸೆಳೆತ ಎಂದು ಉಜ್ಜಿನಪ್ಪನ ಪುಸ್ತಕಗಳು ಹೇಳುತ್ತಿದ್ದವು, ಅವನೂ ಹಾಗೇ ನಂಬಿದ. ತಪ್ಪಿಸಿದವರನ್ನು ಮಂಗಳವಾರ ಕೋಣೆಗೆ ಕರೆಸಿ ಮಾತಾಡಿಸತೊಡಗಿದ. ತಪ್ಪದೆ ಬಂದವರಿಗೆ ಎಲ್ಲರೆದುರು ಸ್ಟೀಲ್ ಪಾತ್ರೆಯ ಬಹುಮಾನ ಕೊಡಿಸಿದ.

ಹುಲುಗಪ್ಪನೂ ಒಂದು ಮಂಗಳವಾರ ಬಂದು ನಿಂತ. ಉಜ್ಜಿನಪ್ಪ ಕಲಿತ ಕ್ರಮದಂತೆ ಮೆತ್ತಗೆ ಕೇಳಿದ, ಕೇಳಿ ಸುಮ್ಮನಾದ. ಹುಲುಗಪ್ಪ ಗೋಡೆಯ ಕಡೆ ನೋಡುತ್ತ, ಊರಾಗ ಕೆಲಸ ಇತ್ತು, ಇನ್ನು ಮ್ಯಾಲೆ ತಪ್ಪಂಗಿಲ್ಲ ಎಂದು ಹೊರಟುಹೋದ. ಮಾತಿನಂತೆ ಅವನು ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ವರ್ಷದ ಕೊನೆಗೆ ಉಜ್ಜಿನಪ್ಪ ತನ್ನ ಕೈಯಾರೆ ಅವನಿಗೆ ಬಹುಮಾನ ಕೊಟ್ಟು ಬೆನ್ನು ತಟ್ಟಿದ. ಮ್ಯಾನೇಜರು ಉಜ್ಜಿನಪ್ಪನ ಬೆನ್ನು ತಟ್ಟಿದರು.

ಅದಾದ ಬೇಸಿಗೆಯಲ್ಲಿ ಒಂದು ಸೋಮವಾರ ಹುಲುಗಪ್ಪ ಯಂತ್ರದ ಪಕ್ಕದಲ್ಲೇ ಕುಸಿದು ಬಿದ್ದ. ಆಸ್ಪತ್ರೆಗೆ ಹೊತ್ತೊಯ್ದರು. ಡಾಕ್ಟರು ಎದೆ ಪರೀಕ್ಷಿಸಿ, ಇದು ಹತ್ತಿಯ ಧೂಳಿನ ರೋಗ ಎಂದರು. ರಜೆ ಕಳೆದು ಮೊದಲ ದಿನ ಧೂಳಿಗೆ ಬಂದಾಗ ಎದೆ ಬಿಗಿಯುತ್ತದೆ, ಮರುದಿನ ತುಸು ಸಡಿಲವಾಗುತ್ತದೆ. ಮೊದಲೇ ಆ ಕೆಲಸ ಬಿಡಿಸಿದ್ದರೆ ಇಷ್ಟು ಮುಂದುವರಿಯುತ್ತಿರಲಿಲ್ಲ, ಈಗ ತಡವಾಗಿದೆ ಎಂದರು.

ಮಂಚದ ಪಕ್ಕದಲ್ಲಿ ಹುಲುಗಪ್ಪನ ಹೆಂಡತಿ ಎಲ್ಲಮ್ಮ ನೆಲದ ಮೇಲೆ ಕೂತಿದ್ದಳು. ಸೋಮವಾರ ಸಂಜೆ ಗೋಡೆ ಹಿಡಿದುಕೊಂಡು ಮನೆಗೆ ಬರುತ್ತಿದ್ದ, ಮುಂದಿನ ಸೋಮವಾರ ಹೋಗಬೇಡ ಅಂದರೆ ಕೇಳುತ್ತಿರಲಿಲ್ಲ ಎಂದಳು. ಉಜ್ಜಿನಪ್ಪ ಗೆಳೆಯನ ಕಡೆ ಬಾಗಿ, “ಅವತ್ತು ಕರೆಸಿ ಕೇಳಿದ್ನಲ್ಲೋ ಹುಲುಗ, ಯಾಕ ಹೇಳ್ಲಿಲ್ಲ?” ಎಂದ.

ಹುಲುಗಪ್ಪ ಉಸಿರು ಕೂಡಿಸಿಕೊಳ್ಳುತ್ತ ಹೇಳಿದ: “ಉಜ್ಜಣ್ಣ ಕೇಳಿದ್ರ ಹೇಳ್ತಿದ್ದೆ. ಕೇಳಿದೋರು ಸಾಹೇಬ್ರು. ಎದಿ ಹಿಡೀತೈತಿ ಅಂದ್ರ ಕೆಲಸದಿಂದ ತೆಗೀತಾರಂತ ಸುಮ್ನಾದೆ.”

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಅದನ್ನು ಸಿಟ್ಟಿಲ್ಲದೆ, ಆದದ್ದನ್ನು ಆದಂತೆ ಹೇಳಿದ್ದ. ಕಿಟಕಿಯ ಕಾಲದಲ್ಲಾಗಿದ್ದರೆ ಹುಲುಗಪ್ಪ ಕೆಮ್ಮಿದ ಸದ್ದಿಗೇ ತಾನು ತಲೆ ಎತ್ತಿ ಕೇಳುತ್ತಿದ್ದೆ ಎಂಬುದು ಉಜ್ಜಿನಪ್ಪನಿಗೆ ಗೊತ್ತಿತ್ತು.

ಹುಲುಗಪ್ಪ ಸಿರಿಗೇರಿಗೆ ಹಿಂತಿರುಗಿದ. ಎಲ್ಲಮ್ಮ ಹತ್ತಿರದ ಕರೂರಿನ ಗದ್ದೆಗಳಿಗೆ ನಾಟಿ ಹಚ್ಚಲು ಹೋಗಿ ಮನೆ ನಡೆಸಿದಳು. ಉಜ್ಜಿನಪ್ಪ ಬಿಡುವಾದಾಗಲೆಲ್ಲ ಬಸ್ಸು ಹಿಡಿದು ಹೋಗಿ ಬರುತ್ತಿದ್ದ. ಇಬ್ಬರೂ ಕಾಲುವೆ ನೀರಿನ ಸುದ್ದಿ, ಹಳೆಯ ಕೋಣೆಯ ಸುದ್ದಿ ಮಾತಾಡುತ್ತಿದ್ದರು. ಕ್ಷಮೆ ಕೇಳಬೇಕೆಂದು ಪ್ರತಿ ಸಲವೂ ಅಂದುಕೊಂಡು ಹೋಗಿ, ಕೇಳದೆ ಬರುತ್ತಿದ್ದ. ೧೯೭೯ರ ಚಳಿಗಾಲದಲ್ಲಿ ಹುಲುಗಪ್ಪ ತೀರಿಕೊಂಡ.

ಉಜ್ಜಿನಪ್ಪ ಬಹುಮಾನದ ಪದ್ಧತಿ ನಿಲ್ಲಿಸಿದ. ಧೂಳಿನ ವಿಭಾಗದವರ ಎದೆ ಪರೀಕ್ಷೆ ವರ್ಷವರ್ಷವೂ ಆಗಬೇಕು, ಕೆಮ್ಮುವವರಿಗೆ ಬೇರೆ ಕೆಲಸ ಕೊಡಬೇಕು ಎಂದು ಮಾಲೀಕರೊಡನೆ ಹಟ ಹಿಡಿದು ಮಾಡಿಸಿದ. ನಿನ್ನ ಓದು ಸಾರ್ಥಕವಾಯಿತು ಎಂದು ಮ್ಯಾನೇಜರು ಹೊಗಳಿದ ದಿನ, ಮನೆಗೆ ಬಂದು ಸುವರ್ಣಮ್ಮ ಬಡಿಸಿದ ತಟ್ಟೆಯನ್ನು ಮುಟ್ಟದೆ ಎದ್ದ. ಯಾಕೆಂದು ಕೇಳಿದ್ದಕ್ಕೆ, ಓದು ಸುಳ್ಳಲ್ಲ, ನಾನು ಅದನ್ನ ಮೇಲಂತಸ್ತಿನಿಂದ ಕೆಳಗ ಇಳಿಸ್ಲಿಲ್ಲ ಎಂದ.

ಆಮೇಲೆ ಅವನು ದಿನಾ ಬೆಳಗ್ಗೆ ಗೇಟಿನ ಚಹದಂಗಡಿಯಲ್ಲಿ ಕೂಡತೊಡಗಿದ. ಅವನು ಬಂದು ಕೂತರೆ ಜನ ಬೀಡಿ ಆರಿಸಿ, ಬೆಂಚು ಬಿಟ್ಟು ಎದ್ದು ನಿಲ್ಲುತ್ತಿದ್ದರು. ಕೂಡ್ರಪ್ಪ ಎಂದು ಎಷ್ಟು ಹೇಳಿದರೂ, ಅವನು ಚಹ ಮುಗಿಸಿ ಮೇಲೆ ಹೋಗುವ ತನಕ ಯಾರೂ ಕೂಡುತ್ತಿರಲಿಲ್ಲ.