ಚೊಂಬಿನ ಮೇಲಿನ ಹಾಲಮ್ಮ

ಇಂಥದ್ದನ್ನು ನೀವು ಹೇಳಿದ್ದರೆ ನಾನು ನಗುತ್ತಿದ್ದೆ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ರೋಗಿಗಳ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸುವುದು ನನ್ನ ಕೆಲಸ. ದೆವ್ವ ಬಿಡಿಸಲು ಉಕ್ಕಡಗಾತ್ರಿಗೂ ಹೋಗಿ ಬಂದೆವು ಎನ್ನುವವರಿಗೆ ತಲೆಯಾಡಿಸುತ್ತಲೇ, ಕಾರಣ ಸಿಗುವುದು ನನ್ನ ಪರದೆಯ ಮೇಲೆ ಎಂದುಕೊಳ್ಳುವವಳು. ಈಗಲೂ ಹಾಗೇ ಅನ್ನುತ್ತೇನೆ, ಈ ಒಂದು ಚೊಂಬಿನ ವಿಷಯ ಬಿಟ್ಟು.

ಕೆಲವು ವರ್ಷಗಳ ಹಿಂದೆ ಹರಿಹರದಿಂದ ಕೊಟ್ರಪ್ಪ ಎನ್ನುವವರು ಬಂದರು. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವರು. ಮದುವೆಗೆ ಮುಯ್ಯಿ ಮಾಡುವ ಸ್ಟೀಲ್ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಇರಲೇಬೇಕಲ್ಲ! ಆ ಹೆಸರು ಬರೆಯುವ ಬಲಗೈಯೇ ಅವರ ಮೇಲೆ ಮುನಿಸಿಕೊಂಡಿತ್ತು.

"ತುತ್ತು ಎತ್ತಾಕೆ ಬರ್ತೈತ್ರಿ ಮೇಡಂ. ಮೆಷಿನ್ ಪೆನ್ನು ಹಿಡಿದ್ರೆ ಮುಷ್ಟಿ ಬಿಗೀತೈತೆ. ಈ ಕೈ ಹೋದ್ರೆ ನಾನು ಯಾತಕ್ಕೆ ಬೇಕು ಹೇಳ್ರಿ" ಎಂದರು. ಅವರ ಬದಲು ಮಗಳು ರೇಣುಕಾ ಅಂಗಡಿಯಲ್ಲಿ ಕೂತು ಹೇಗೋ ನಿಭಾಯಿಸುತ್ತಿದ್ದಳು.

ತೊಡಕು ಕೈಯಲ್ಲಿದೆಯೋ ಮಿದುಳಿನಲ್ಲಿದೆಯೋ ಎಂದು ವೈದ್ಯರಿಗೆ ತಿಳಿಯಬೇಕಿತ್ತು. ಕೈ ಆಡಿಸಿದಾಗ ಮಿದುಳಿನ ಕೆಲವು ಅಲೆಗಳು ತಗ್ಗುತ್ತವೆ. ಆಡಿಸಿದಂತೆ ನೆನೆಸಿಕೊಂಡರೂ ಹೆಚ್ಚುಕಡಿಮೆ ಹಾಗೇ. ಕೊಟ್ರಪ್ಪನವರ ಫೋನನ್ನು ನನ್ನ ಡ್ರಾಯರಿಗೆ ಹಾಕಿ, ಕಣ್ಣು ಮುಚ್ಚಿಸಿ, "ಕೈ ಅಲುಗಿಸಬ್ಯಾಡ್ರಿ. ಮನಸ್ನಾಗೇ ಪಾತ್ರೆ ಮ್ಯಾಲೆ ಹಾಲಮ್ಮ ಅಂತ ಬರೀರಿ" ಎಂದೆ. ಹಾಲಮ್ಮ ತೀರಿಕೊಂಡ ನನ್ನವ್ವ. ಊರಿಗೆಲ್ಲ ಮುಯ್ಯಿ ಮಾಡಿದವಳು ಅವಳು, ಪಾತ್ರೆಗಳ ಮೇಲೆ ಮಾತ್ರ ಅಪ್ಪನ ಹೆಸರು. ಅದೇಕೋ ಆ ಕ್ಷಣ ಅವಳ ಹೆಸರೇ ಬಾಯಿಗೆ ಬಂತು.

ಪರದೆಯ ಮೇಲೆ ಅಲೆಗಳು ತಗ್ಗಿದವು. ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಸಮಯವಾಯಿತೆಂದು "ಸಾಕು" ಎಂದೆ.

"ಅಯ್ಯ, ಕೊನೇ ಅಕ್ಷರ ಅರ್ಧಕ್ಕೇ ನಿಂತೋತಲ್ರಿ!" ಎಂದು ಕಣ್ಣು ಬಿಟ್ಟರು.

ತಂತಿ ಬಿಚ್ಚುವಷ್ಟರಲ್ಲಿ ಡ್ರಾಯರಿನಲ್ಲಿ ಫೋನ್ ಗುರುಗುಟ್ಟಿತು. ಮಗಳದ್ದು. ನಾನೇ ಸ್ಪೀಕರ್ ಒತ್ತಿ ಹಿಡಿದೆ.

"ಅಪ್ಪಾ, ಈಗ ಒಂದು ತಪ್ಪಾತು. ಚೊಂಬಿನ ಮ್ಯಾಲೆ ಬಸವರಾಜ ಅಂತ ಬರಿಬೇಕಿತ್ತು. ಕೈ ಹಾಲಮ್ಮ ಅಂತ ಹೊಂಟು, ಕೊನೇ ಅಕ್ಷರ ಅರ್ಧಕ್ಕೆ ನಿಂತೇಬಿಡ್ತು. ಯಾರಪ್ಪಾ ಹಾಲಮ್ಮ?"

ಹೆದರಿದೆ ಎಂದೇ ಹೇಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನೋಡಿದೆ. ಬಾಗಿಲು ಮುಚ್ಚಿತ್ತು, ಫೋನ್ ನನ್ನ ಹತ್ತಿರವೇ ಇತ್ತು. ಹಾಲಮ್ಮ ನಮ್ಮ ಕಡೆ ಸಾಮಾನ್ಯ ಹೆಸರು, ಒಪ್ಪಿದೆ. ಅರ್ಧಕ್ಕೆ ನಿಂತದ್ದು?

ಆ ಭಾನುವಾರವೇ ಹರಿಹರಕ್ಕೆ ಹೋಗಿ ಚೊಂಬು ಕೊಂಡುಕೊಂಡೆ. ಕೊಟ್ರಪ್ಪನವರ ಕೈ ಆಗಲೂ ಸರಿಹೋಗಿರಲಿಲ್ಲ, ಇಂದಿಗೂ ಇಲ್ಲ. ಆದರೆ ಮುಖದಲ್ಲಿ ಗೆಲುವಿತ್ತು. ಮಗಳು ಬರೆಯುವುದನ್ನೇ ನೋಡುತ್ತಾ, "ಕೈ ಸತ್ತೋತು ಅನ್ಕಂಡಿದ್ದೆ ಮೇಡಂ. ಸತ್ತಿಲ್ಲ, ಮನೆ ಬದಲು ಮಾಡೈತೆ ಅಷ್ಟೇ" ಎಂದರು. ಉಳಿದರ್ಧ ಬರೆದುಕೊಡುತ್ತೇನೆ ಎಂದು ರೇಣುಕಾ ಪೆನ್ನು ಎತ್ತಿಕೊಂಡಳು. ಬೇಡವೆಂದೆ.

ಮಿದುಳಿನ ಬಗ್ಗೆ ಯಾರು ಏನೇ ಕೇಳಲಿ, ಈಗಲೂ ಧೈರ್ಯವಾಗಿ ಉತ್ತರ ಕೊಡುತ್ತೇನೆ. ಮನೆಗೆ ಬಂದವರು ನೀರು ಕುಡಿದು, ಚೊಂಬು ತಿರುಗಿಸಿ ನೋಡಿ, "ಇದನ್ನ ಕೊಟ್ಟೋರು ಯಾರ್ರಿ?" ಎಂದಾಗ ಮಾತ್ರ ನನ್ನ ವಿದ್ಯೆ ನಿಲ್ಲುತ್ತದೆ. "ನಮ್ಮವ್ವ" ಎನ್ನುತ್ತೇನೆ.