ಮೊಮ್ಮಗ ಹೆಣವಾದ ದಿನ

ಸ್ವಂತ ಮೊಮ್ಮಗನ ಹೆಣದ ಮುಂದೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದಿದ್ದೀರೇನು? ನಾನು ತಿಂದಿದ್ದೇನೆ. ಹೌಹಾರಬೇಡಿ, ಪುಣ್ಯಾತ್ಮ ಬದುಕಿಯೇ ಇದ್ದಾನೆ. ಈಗಲೂ ಮೇಲಿನ ಕೋಣೆಯಲ್ಲಿ ಅರಚುತ್ತಿದ್ದಾನೆ. ಫೋನಿನಲ್ಲಿ ಬರೆಯುವುದನ್ನು ಈಗಷ್ಟೇ ಕಲಿತ ನನ್ನ ಬೆರಳು ಆ ಸದ್ದಿಗೆ ಬೇರೆ ಅಕ್ಷರವನ್ನೇ ಒತ್ತುತ್ತದೆ.

ಅವನು ರಾಕ್ ಹಾಡುಗಾರ. ದಾವಣಗೆರೆ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಬೀಗರ ಮುಂದೆ ಈ ಮಾತನ್ನು ಯಾರೂ ಎತ್ತುವುದಿಲ್ಲ. ಹೆಗಲಿಗಿಳಿದ ಕೂದಲು, ಅದಕ್ಕೆ ಎಣ್ಣೆಯಿಲ್ಲ, ನೀರೂ ಅಪರೂಪ. ಒಂದು ಎಳೆ ನನ್ನ ಸಾರಿನಲ್ಲಿ ಸಿಕ್ಕ ದಿನ ಉಂಡದ್ದೆಲ್ಲ ಬಾಯಿಗೆ ಬಂದಿತ್ತು. ಉಗುರಿಗೆ ಕಪ್ಪು ಬಣ್ಣ. ಹಾಡೆಂದರೆ ಹೊಟ್ಟೆ ತೊಳಸಿದವರು ಬಚ್ಚಲಲ್ಲಿ ಮಾಡುವ ಸದ್ದು. ಅದರಿಂದ ಹೊಟ್ಟೆ ತುಂಬದೆ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸಿದ, ನಾಟಕದ ಕಂಪನಿಯಲ್ಲಿ ರಾಕ್ಷಸನಾದ, ಊದುಬತ್ತಿಯ ಜಾಹೀರಾತಿನಲ್ಲಿ ಸನ್ಯಾಸಿಯಾದ. ಎಲ್ಲಾ ಕಡೆ ಕೆಲಸಕ್ಕೆ ಬಂದದ್ದು ಆ ಹೊಲಸು ಕೂದಲೇ.

ಕಳೆದ ಬೇಸಿಗೆಯಲ್ಲಿ ಸಿನಿಮಾದವರು ಕರೆದರು. ಹರಿಹರದ ಹೊಳೆ ದಂಡೆಯಲ್ಲಿ ಶೂಟಿಂಗ್. ಪಾತ್ರ, ಸತ್ತುಹೋದ ಹಾಡುಗಾರನದು. ಮೊದಲು ಹೆಣದ ದೃಶ್ಯ. ಅದರಲ್ಲಿ ಅಲುಗಾಡದೆ ಕೂತರೆ ಬದುಕಿದ್ದಾಗಿನ ಭಾಗವೂ ನಿನಗೇ, ಒಂದು ಹಾಡೂ ನಿನ್ನ ಬ್ಯಾಂಡಿನದೇ ಅಂತ ಡೈರೆಕ್ಟರ್ ಮಾತು ಕೊಟ್ಟಿದ್ದ. ಮೊಮ್ಮಗ ಕನ್ನಡಿ ಮುಂದೆ ಸತ್ತು ಸತ್ತು ಅಭ್ಯಾಸ ಮಾಡಿದ.

ಥೂ, ಬಾಳಬೇಕಾದ ಹುಡುಗ ಹೆಣವಾಗುವುದೇ ಅಂತ ಬೈಯುತ್ತಲೇ ನಾನೂ ಹೋದೆ. ನಮ್ಮವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಅವನನ್ನೂ ಹಾಗೇ ಕುರ್ಚಿಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿದ್ದರು. ಮೂಗಿಗೆ ಹತ್ತಿ. ಕೆನ್ನೆಗೆ ಹಚ್ಚಿದ ನೀಲಿ ಬಣ್ಣ ಬಿಸಿಲಿಗೆ ಕರಗಿ ಕೊರಳಿಗೆ ಇಳಿಯುತ್ತಿತ್ತು, ಅದಕ್ಕೆ ನೊಣ ಮುತ್ತಿದ್ದವು. ಒಂದು ನೊಣ ತುಟಿಯ ಮೇಲೇ ಕೂತಿತು. ಅವನು ಮಿಸುಕಲಿಲ್ಲ. ನನಗೆ ವಾಕರಿಕೆ ಬಂತು. ಅದನ್ನು ಅಡಗಿಸಲೆಂದೇ ಮಂಡಕ್ಕಿ ಪೊಟ್ಟಣ ಬಿಚ್ಚಿದ್ದು.

ಅಳುವುದಕ್ಕೆ ಪಕ್ಕದ ಸಾರಥಿ ಅನ್ನೋ ಹಳ್ಳಿಯಿಂದ ಹೆಂಗಸರನ್ನು ಕರೆಸಿದ್ದರು. ಹಾಡ್ಯಾಡಿ ಅಳುವವರು ಅವರು, ಸತ್ತವರ ಗುಣಗಳನ್ನು ರಾಗವಾಗಿ ಹೇಳಿಕೊಂಡು ಅಳುತ್ತಾರೆ. ಒಬ್ಬಳು ಎತ್ತಿದರೆ ಪಕ್ಕದವಳು ತನ್ನದೊಂದು ಮಾತು ಕೂಡಿಸಬೇಕು, ಅದು ರೂಢಿ. ಕ್ಯಾಮೆರಾ ಓಡಿತು. ಹಿರಿಯಳೊಬ್ಬಳು ಎದೆ ಬಡಿದುಕೊಂಡು ಶುರು ಮಾಡಿದಳು.

"ಹಸಿದೋರಿಗೆ ಅನ್ನ ಇಟ್ಟ ಕೈಯೋ ನನ್ನಪ್ಪಾ! ಹೆತ್ತೋರ ಮಾತು ಮೀರದ ಬಂಗಾರವೋ!"

ಅವಳ ಪಕ್ಕದಲ್ಲೇ ಕೂತಿದ್ದ ನಾನೂ ರೂಢಿಯಂತೆ ನನ್ನ ಮಾತು ಕೂಡಿಸಿಬಿಟ್ಟೆ. "ಯಾವ ಬಂಗಾರನೇ ಯವ್ವಾ? ಉಂಡ ತಾಟು ತಾನೇ ಎತ್ತಿಡಲ್ಲ ಇವ್ನು! ಜಳಕ ಮಾಡ್ಸಾಕ ನಾ ಕೋಲು ಹಿಡೀಬೇಕು!"

ಅಳುತ್ತಿದ್ದವರು ಬಾಯಿಗೆ ಸೆರಗಿಟ್ಟು ನಕ್ಕರು. ಹೆಣದ ಹೊಟ್ಟೆ ಕುಣಿಯಿತು, ಮೂಗಿನ ಹತ್ತಿ ಹಾರಿ ಬಿತ್ತು.

"ಹೆಣ ಆಗಾಕೇ ಬರಲ್ಲ, ಇನ್ನ ಹೀರೋ ಹೆಂಗ ಆಗ್ತಿಯೋ? ಏಳು, ಅಜ್ಜಿನ ಕರ್ಕಂಡು ನಡಿ," ಅಂದ ಡೈರೆಕ್ಟರ್. ಕೊರಳಿನ ಹಾರ ತೆಗೆದು ಬೇರೊಬ್ಬನಿಗೆ ಹಾಕಿಸಿದ.

ದಾವಣಗೆರೆ ಬಸ್ಸಿನಲ್ಲಿ ಜನ ಇವನ ನೀಲಿ ಮುಖ ನೋಡಿ ಸರಿದು ಕೂತರು. ಸೆರಗಿಗೆ ಎಂಜಲು ಹಚ್ಚಿ ಒರೆಸಹೋದೆ. ಮುಖ ತಿರುಗಿಸಿಕೊಂಡ.

"ಹೋಗ್ಲಿ ಬಿಡಲೇ," ಅಂದೆ, "ಅಂಥಾ ಅಸಹ್ಯ ಪಾತ್ರ ಯಾರಿಗೆ ಬೇಕಾಗೈತೆ?"

ಅವನು ಕಿಟಕಿಯಿಂದ ಕಣ್ಣು ತೆಗೆಯದೆ ಅಂದ: "ಸತ್ತ ಮ್ಯಾಲಾದ್ರೂ ನನ್ ಬಗ್ಗೆ ಒಂದು ಒಳ್ಳೇ ಮಾತು ಕೇಳಾಣ ಅಂತ ಕೂತಿದ್ದೆ ಅಜ್ಜಿ. ಅದನ್ನೂ ತಡಕಳ್ಳಾಕ ಆಗ್ಲಿಲ್ಲಲ್ಲ ನಿಂಗೆ."