ಖಾಲಾನ ಬಸಿ

ಇವತ್ತು ಬೆಳಿಗ್ಗೆ ಶೆಲ್ಫ್ ಒರೆಸುವಾಗ ಕಪ್ ಇಲ್ಲದ ಒಂಟಿ ಬಸಿಯೊಂದು ಕೈಗೆ ಸಿಕ್ಕಿತು. ಅಂಚಿಗೆ ನೀಲಿ ಬಳ್ಳಿ, ಒಂದು ಕಡೆ ಉಗುರಿನಷ್ಟು ಚಕ್ಕೆ ಎದ್ದಿದೆ. ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಹಿಂದಿನ ಓಣಿಯ ಹೆಂಗಸು ತೀರಿಕೊಂಡಾಗ ಅವರ ಮನೆಯಿಂದ ನನ್ನ ತಮ್ಮ ಬೇಡಿ ತಂದದ್ದು ಇದೊಂದನ್ನೇ...

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ನಾವು ಬೆಟಗೇರಿಯಲ್ಲಿದ್ದೆವು. ಅವ್ವ ಹೋದ ಮೇಲೆ ತಮ್ಮ ನನ್ನ ಮನೆಗೇ ಬಂದಿದ್ದ. ಬರುವಾಗಲೇ ನಶೆಯ ಇಂಜೆಕ್ಷನ್ನಿನ ಚಟ ಅಂಟಿತ್ತು. ಖಾಲಾ ಒಂದು ಸಂಸ್ಥೆಯ ಕೆಲಸ ಮಾಡುತ್ತಿದ್ದರು. ಇಂಥವರು ಬಳಸಿದ ಸೂಜಿಯನ್ನು ತಂದು ಅವರ ಡಬ್ಬಿಗೆ ಹಾಕಿದರೆ ಹೊಸದು ಕೊಡುತ್ತಿದ್ದರು, ಒಬ್ಬರ ಸೂಜಿ ಇನ್ನೊಬ್ಬರು ಚುಚ್ಚಿಕೊಂಡು ರೋಗ ತಂದುಕೊಳ್ಳಬಾರದೆಂದು. ಜೊತೆಗೆ ಚಹಾ. ಒಂದೇ ಕಪ್ ಚಹಾದಲ್ಲಿ ಅರ್ಧ ಬಸಿಗೆ ಸುರಿದುಕೊಂಡು ತಾವು ಕುಡಿಯುವರು, ಕಪ್ ಬಂದವರಿಗೆ.

ನಮ್ಮ ಮನೆಯಲ್ಲಿ ತಮ್ಮನ ಲೋಟವೇ ಬೇರೆ. ಮಕ್ಕಳಿರುವ ಮನೆ, ಬೇರೆ ಇಡು ಎಂದು ನನ್ನ ಗಂಡ ಹೇಳಿದ್ದರು. ಆದರೂ ಅವನಿಗೆಂದು ನಾನು ಗೋಧಿ, ಬೆಲ್ಲದ ಸಿಹಿ ಮಾದ್ಲಿ ಮಾಡಿ, ತುಪ್ಪ ಹಾಕಿ ಮುಂದಿಡುತ್ತಿದ್ದೆ. ಎರಡು ತುತ್ತು ತಿಂದು, "ಖಾಲಾಗ ಭಾಳ ಸೇರತೈತಿ" ಎಂದು ಉಳಿದದ್ದನ್ನು ಡಬ್ಬಿಗೆ ತುಂಬಿಕೊಂಡು ಹೊರಡುವನು.

ಒಂದು ದಿನ ನಾನೂ ಖಾಲಾನ ಮನೆಗೇ ಹೋದೆ. ಇಬ್ಬರೂ ಚಾಪೆಯ ಮೇಲೆ ಚಹಾ ಕುಡಿಯುತ್ತಿದ್ದರು.

"ನೀವ ಸೂಜಿ ಕೊಟ್ರ ಇಂವ ಬಿಡೂದು ಯಾವಾಗ್ರಿ?" ಎಂದೆ.

"ಬಿಡಾಕ ಮೊದಲ ಜೀವ ಇರಬೇಕಲ್ಲವಾ. ಕುಂಡ್ರು, ಚಾ ಕುಡಿ," ಎಂದರು ಖಾಲಾ.

"ಆಕಿಗೆ ಬಸಿ ಬ್ಯಾಡ್ರಿ ಖಾಲಾ. ಕಾನ್ವೆಂಟಿನಾಕಿ, ಕಿರುಬೆರಳ ಎತ್ತಿ ಕುಡಿಯಾಕಿ," ಎಂದ ತಮ್ಮ.

ಇಬ್ಬರೂ ನಕ್ಕರು. ಅವನಿಗೆ ನಗು ಬರುತ್ತದೆ ಎಂಬುದನ್ನೇ ನಾನು ಮರೆತಿದ್ದೆ... ಅದೂ ಇಲ್ಲಿ, ಇವರ ಚಾಪೆಯ ಮೇಲೆ.

ಸೂಜಿ ಚುಚ್ಚಿದ ತೋಳಿನ ಹುಣ್ಣು ಕೀವು ತುಂಬಿದಾಗಲೂ ನನಗೆ ಮುಚ್ಚಿಟ್ಟು ಖಾಲಾಗೆ ತೋರಿಸಿದ, ಅವರೇ ಆಸ್ಪತ್ರೆಗೆ ಕರೆದೊಯ್ದರು. ಖಬರು ತಿಳಿದು ನಾನು ಆಸ್ಪತ್ರೆಗೆ ಓಡಿದಾಗ, ಡ್ರೆಸ್ಸಿಂಗ್ ಕೋಣೆಯ ಬಾಗಿಲಲ್ಲಿ ಅಲ್ಲಿಯ ಸಿಬ್ಬಂದಿಯೊಬ್ಬ, "ಚಟಾ ಬಿಟ್ಟು ಬಾ, ಆಮ್ಯಾಲೆ ನೋಡೋಣು" ಎನ್ನುತ್ತಿದ್ದ. ತಮ್ಮ ಜ್ವರದಿಂದ ನಡುಗುತ್ತಿದ್ದ. ನಾಚಿಕೆಯಿಂದ ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಖಾಲಾ ಹೊಸ್ತಿಲ ಮೇಲೇ ಕುಳಿತುಬಿಟ್ಟರು.

"ಮೊದಲ ಹುಣ್ಣು ತೊಳೀರಿ ಸಾಹೇಬ್ರ. ಬುದ್ಧಿ ಆಮ್ಯಾಲೆ ಹೇಳೀರಂತ, ಇಲ್ಲೇ ಕುಂತು ಕೇಳತೀವಿ. ಕೈ ಹೋದರ ಯಾರ ಕೊಡ್ತಾರ?"

ತೊಳೆದರು. ತಮ್ಮ ಕಣ್ಣು ಮುಚ್ಚಿ ಇನ್ನೊಂದು ಕೈ ಚಾಚಿದ. ನನ್ನ ಕೈಯೂ ಹತ್ತಿರವೇ ಇತ್ತು. ಅವನು ತಡವರಿಸಿ ಹಿಡಿದದ್ದು ಹಸಿರು ಬಳೆಗಳಿದ್ದ ಖಾಲಾನ ಕೈಯನ್ನು. ತಮ್ಮ ಉಳಿದ ಎಂಬ ಸಮಾಧಾನಕ್ಕಿಂತ ಮೊದಲು ನನಗೆ ಬಂದದ್ದು ಆ ಬಳೆಗಳ ಮೇಲಿನ ಹೊಟ್ಟೆಕಿಚ್ಚು.

ನಶೆ ಬಿಡಲು ಅವನಿಗೆ ವರ್ಷಗಳೇ ಹಿಡಿದವು. ನಡುವೆ ಜಾರಿದ, ಮತ್ತೆ ಎದ್ದ. ಈಗ ಖಾಲಾನ ಕೆಲಸವನ್ನು ಅವನೇ ಮಾಡುತ್ತಾನೆ, ಮುಂಡರಗಿ, ಶಿರಹಟ್ಟಿ ಎಂದು ತಿರುಗುತ್ತಾನೆ.

ಇವತ್ತು ಮಧ್ಯಾಹ್ನ ತಮ್ಮ ಬಂದ. ನಮ್ಮ ಮನೆಯ ಕಪ್ಪಿನಲ್ಲಿ ಚಹಾ ತಂದು ಅರ್ಧವನ್ನು ಆ ಬಸಿಗೆ ಸುರಿದೆ. ಕಪ್ ಅವನ ಕಡೆ ಸರಿಸಿದೆ. ಬಸಿ ನನಗೆ ಎಂದುಕೊಂಡಿದ್ದೆ.

"ಕಪ್ ನೀ ತಗೋ ಅಕ್ಕಾ. ಬಸಿ ಕೈ ಸುಡತೈತಿ, ನಿನಗ ರೂಢಿಲ್ಲ," ಎಂದು ಬಸಿಯನ್ನು ಎರಡೂ ಕೈಯಿಂದ ಎತ್ತಿಕೊಂಡ.

ಖಾಲಾನ ಜಾಗ ನನಗೆ ಸಿಗಲಿಲ್ಲ. ಹೊಟ್ಟೆಕಿಚ್ಚು ಪಡೋಣವೆಂದರೆ ಈಗ ಅವರೂ ಇಲ್ಲ... ಕಪ್ ಎತ್ತಿ ಕುಡಿದೆ, ಕಿರುಬೆರಳು ಮಡಚಿಕೊಂಡು.